ಒದ್ದೆಯಾಗದ ರೆನ್ಸ್ಕೆ

ಹಾರ್ಸುಮ್‌ನಲ್ಲಿ ಮದುವೆಯಾದ ಯಾರನ್ನಾದರೂ ತಡೆದು, ನಿಮ್ಮ ಮದುವೆ ಮಾಡಿಸಿದ್ದು ಯಾರು ಎಂದು ಕೇಳಿದರೆ ಅರ್ಧಕ್ಕರ್ಧ ಜನ ರೆನ್ಸ್ಕೆ ಬೋಸ್ಮಾಳ ಹೆಸರು ಹೇಳುತ್ತಾರೆ. ಹೇಳಿ ಒಂದು ಸಲ ನಗುತ್ತಾರೆ. ಪುರಸಭೆಯ ಪರವಾಗಿ ಕಪ್ಪು ನಿಲುವಂಗಿ ತೊಟ್ಟು ಮದುವೆ ಮಾಡಿಸುವ ಅಧಿಕಾರಿಗಳು ಆಗ ಅವಳಲ್ಲದೆ ಇನ್ನೂ ಇಬ್ಬರಿದ್ದರು. ಅವರು ಕಾರಿನಲ್ಲಿ ಬಂದಿಳಿಯುತ್ತಿದ್ದರು. ರೆನ್ಸ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅದೇನೂ ವಿಶೇಷವಲ್ಲ, ಅಲ್ಲಿ ಪಾದ್ರಿಯೂ ಸೈಕಲ್ಲಿನಲ್ಲೇ ಬರುತ್ತಾನೆ, ಹಲ್ಲಿನ ಡಾಕ್ಟರೂ ಸೈಕಲ್ಲಿನಲ್ಲೇ ಬರುತ್ತಾಳೆ. ವಿಶೇಷವೆಂದರೆ, ಎಂಥ ಜಡಿಮಳೆಯಲ್ಲೂ ಅವಳು ಮೈಗೆ ಒಂದು ಹನಿ ತಾಕಿಸಿಕೊಳ್ಳದೆ ಬಂದು ನಿಲ್ಲುತ್ತಿದ್ದಳು. ಮದುವೆಯ ನೆಂಟರು ಮುರಿದ ಕೊಡೆ ಹಿಡಿದು, ತಲೆಗೂದಲು ಹಿಂಡಿಕೊಳ್ಳುತ್ತ ಒಳಗೆ ಬರುವ ಹೊತ್ತಿಗೆ ರೆನ್ಸ್ಕೆ ಇಸ್ತ್ರಿ ಕೆಡದ ಲಂಗದಲ್ಲಿ, ಹೊಳೆಯುವ ಬೂಟಿನಲ್ಲಿ, ಆಗಷ್ಟೇ ಕನ್ನಡಿಯ ಮುಂದಿನಿಂದ ಎದ್ದು ಬಂದವಳ ಹಾಗೆ ಮೇಜಿನ ಹಿಂದೆ ನಿಂತಿರುತ್ತಿದ್ದಳು.

ಕಾರು ಕಲಿಯಲು ಅವಳು ಹರೆಯದಲ್ಲಿ ಪ್ರಯತ್ನಪಡದೆ ಇರಲಿಲ್ಲ. ಪರೀಕ್ಷೆಗೆ ಮೇಲಿಂದ ಮೇಲೆ ಕೂತಳು. ಕೊನೆಯ ಸಲ ಪರೀಕ್ಷೆ ಮಾಡುವವನು ಅರ್ಧ ದಾರಿಯಲ್ಲೇ ಕೆಳಗಿಳಿದು, “ತಾಯೀ, ನೀವು ಕಾರನ್ನೂ ಸೈಕಲ್ ಥರಾನೇ ಓಡಿಸ್ತೀರ. ಸೈಕಲ್ಲೇ ಇರ್ಲಿ, ಊರಿಗೂ ಕ್ಷೇಮ,” ಎಂದು ಕೈಮುಗಿಯದೆ ಕೈಮುಗಿದಿದ್ದ.

ಇನ್ನು ಒದ್ದೆಯಾಗಬಾರದೆಂಬ ಹಟ ಬಂದದ್ದು ಅವಳ ಮೊಟ್ಟಮೊದಲ ಮದುವೆಯಲ್ಲಿ. ಒಂದು ಹಟ್ಟಿ ಮನೆಯಲ್ಲಿ ನಡೆದ ಮದುವೆ ಅದು. ಹೊಸ ಕೆಲಸದ ಹುರುಪಿನಲ್ಲಿ, ಇದೇನು ತುಂತುರು ಮಳೆ ತಾನೇ ಎಂದುಕೊಂಡು ಬರೀ ಕೋಟಿನಲ್ಲಿ ಹೊರಟಳು. ಹಟ್ಟಿ ಸೇರುವಷ್ಟರಲ್ಲಿ ತೊಪ್ಪೆಯಾಗಿದ್ದಳು. ಮೈಯಿಂದ ನೀರು ತೊಟ್ಟಿಕ್ಕುತ್ತಿದ್ದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ ಮದುಮಗಳ ಅಜ್ಜಿ ಬಂದು, ಅವಳ ಕಾಲಡಿಯ ಒಳ್ಳೆಯ ಜಮಖಾನೆಯನ್ನು ಸುತ್ತಿ ಎತ್ತಿಕೊಂಡು ಹೋದಳು. ಹೋಗುವಾಗ, “ಮದುವೆ ಮಾಡ್ಸೋಕೆ ಬಂದ್ಯೋ, ಈಜೋಕೆ ಬಂದ್ಯೋ?” ಎಂದಳು. ಬರಿ ಕಲ್ಲುನೆಲದ ಮೇಲೆ, ಸುತ್ತ ಕೊಚ್ಚೆ ಕಟ್ಟಿಕೊಂಡು, ಹಲ್ಲು ಕಟಕಟ ಎನ್ನುತ್ತ ರೆನ್ಸ್ಕೆ ಆ ಮದುವೆ ಮುಗಿಸಿದಳು.

ಅವತ್ತಿನಿಂದ ಮಳೆಯ ಜೊತೆ ಅವಳದು ಒಂದು ಮುಗಿಯದ ವ್ಯಾಜ್ಯ. ಗಂಡ ವೀಬೆ ಬಂದರಿನ ಶೆಡ್ಡಿನಲ್ಲಿ ದೋಣಿಗಳಿಗೆ ಹಾಯಿ ಹೊಲಿಯುವವನು. ಹಾಯಿಬಟ್ಟೆಯ ತುಂಡುಗಳಿಂದ ಅವಳಿಗೆ ಮಳೆಗೆ ಹೊದೆಯಲು ಒಂದು ಕೊಪ್ಪೆ ಹೊಲಿದುಕೊಟ್ಟ. ತಲೆಯಿಂದ ಇಳಿಬಿದ್ದು ಮುಂದೆ ಹ್ಯಾಂಡಲ್ ಮೇಲೆ ಹರಡಿಕೊಳ್ಳುವಂಥದ್ದು. ಅಂಚಿನಲ್ಲಿ ಹೆಬ್ಬೆರಳು ತೂರಿಸಲು ಎರಡು ಕುಣಿಕೆ. ಬೆರಳು ತೂರಿಸಿ ಹ್ಯಾಂಡಲ್ ಹಿಡಿದರೆ ತೊಡೆಯ ಮೇಲೆ ಡೇರೆ ಕಟ್ಟಿದ ಹಾಗೆ. ಲಂಗವೂ ಮೊಣಕಾಲೂ ಒಳಗೆ ಬೆಚ್ಚಗೆ. ಬೂಟಿನ ಮೇಲೆ ಹಾಕಲು ಅದೇ ಬಟ್ಟೆಯ ಗವಸು. ಕೊಪ್ಪೆಯ ತಲೆಯೊಳಗೆ ಅಂಚಿರುವ ಟೋಪಿ, ಹನಿ ಕಣ್ಣಿಗೆ ಬೀಳದಿರಲು. ಇಷ್ಟಾದರೂ ಸಾಲದೆಂದು ಅವಳಿಗೆ ತಿಳಿಯಲು ಒಂದು ಚಳಿಗಾಲ ಹಿಡಿಯಿತು. ಜೋರಾಗಿ ತುಳಿದರೆ ಒಳಗಿನ ಬೆವರೇ ಮಳೆಗಿಂತ ಹೆಚ್ಚು ತೋಯಿಸುತ್ತದೆ. ಹಾಗಾಗಿ ಬೇಗ ಹೊರಟು ನಿಧಾನ ತುಳಿಯುವುದು, ದೊಡ್ಡ ಹೊಡೆತ ಬಂದರೆ ಸೇತುವೆಯಡಿ ನಿಂತು ಸುಧಾರಿಸಿಕೊಳ್ಳುವುದು ರೂಢಿಯಾಯಿತು. ಊರವರು ಅವಳಿಗೆ ‘ಒಣ ರೆನ್ಸ್ಕೆ’ ಎಂದೇ ಹೆಸರಿಟ್ಟರು. ಮೇಲೆ ಮೇಲೆ ಮುನಿಸು ತೋರಿಸುತ್ತಿದ್ದಳು, ಒಳಗೆ ಅವಳಿಗದು ಬಿರುದೇ ಆಗಿತ್ತು.

ಹೀಗಿರುವಾಗ ಒಂದು ನವೆಂಬರಿನಲ್ಲಿ ಹಾರ್ಮೆನ್ ವಿಸ್ಸರ್‌ನ ಮದುವೆ ಬಂತು.

ಹಾರ್ಮೆನ್ ಊಸ್ಟರ್‌ಫೆನ್ ಹಳ್ಳಿಯವನು. ಹಳೆಯ ಸರಕು ದೋಣಿಗಳ ಪಂದ್ಯದಲ್ಲಿ ಚುಕ್ಕಾಣಿ ಹಿಡಿಯುವವನು. ಅವನ ಹಾಯಿಗಳೆಲ್ಲ ವೀಬೆಯ ಕೈಹೊಲಿಗೆ. ಆಫ್ಕೆ ಎಂಬುವಳ ಜೊತೆ ಅರ್ಧ ಆಯುಸ್ಸು ಸಂಸಾರ ಮಾಡಿದ್ದ, ಮಗಳನ್ನು ಬೆಳೆಸಿದ್ದ, ಆದರೆ ಮದುವೆ ಎಂದರೆ ಮಾತು ತಿರುಗಿಸುತ್ತಿದ್ದ. ಈಗ ಹೊಟ್ಟೆಯ ಕ್ಯಾನ್ಸರು ಅವನನ್ನು ಹಾಸಿಗೆಗೆ ಕೆಡವಿತ್ತು. ಕೆಡವಿದ ಮೇಲೆ, ಒಂದು ಬೆಳಿಗ್ಗೆ ಎದ್ದವನೇ ಆಫ್ಕೆಯನ್ನು ಮದುವೆಯಾಗುತ್ತೇನೆ ಎಂದು ಕೂತ. ಡಾಕ್ಟರ ಮಾತು, ಮೇಲಿನವರ ಅನುಮತಿ ಎಲ್ಲ ತರಾತುರಿಯಲ್ಲಿ ಒದಗಿದವು. ಶುಕ್ರವಾರ ಮಧ್ಯಾಹ್ನ ಅವನ ಮನೆಯಲ್ಲೇ ಮದುವೆ ಎಂದಾಯಿತು.

ಶುಕ್ರವಾರ ಕಡಲ ಕಡೆಯಿಂದ ಬಿರುಗಾಳಿ ಎದ್ದಿತು.

ಪುರಸಭೆಯ ಯೆಲ್ಮರ್ ಫೋನು ಮಾಡಿದಾಗ ರೆನ್ಸ್ಕೆ ಅಡುಗೆಮನೆಯಲ್ಲಿ ನಿಂತು ಬಟಾಣಿ ಸಾರಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಳು.

“ನಾಳೆಗೆ ಹಾಕೋಣ ರೆನ್ಸ್ಕೆ. ಊಸ್ಟರ್‌ಫೆನ್ ರಸ್ತೇಲಿ ಮರಗಳು ಬಿದ್ದಿವೆ, ಕಾರು ಹೋಗಲ್ಲ. ಮನೇಲೇ ಇರಿ ಅಂತ ರೇಡಿಯೋದಲ್ಲಿ ಬಡ್ಕೋತಾ ಇದ್ದಾರೆ.”

“ಹಾರ್ಮೆನ್‌ಗೆ ನಾಳೆ ಇದ್ಯಾ? ಡಾಕ್ಟರು ಏನಂದ್ರು?”

“ಇವತ್ತು ಮಾತಾಡೋ ಸ್ಥಿತೀಲಿದ್ದಾರೆ, ನಾಳೆ ಗೊತ್ತಿಲ್ಲ ಅಂದ್ರು.”

“ಹಾಗಾದ್ರೆ ನಾಳೆ ಮಾತು ಯಾಕೆ ಎತ್ತಿದೆ?”

ವೀಬೆ ಸೊಂಟ ಹಿಡಿದುಕೊಂಡು ಮೂರು ದಿನದಿಂದ ನಡುಮನೆಯ ನೆಲದ ಮೇಲೆ ಅಂಗಾತ ಮಲಗಿದ್ದ. ಅಲ್ಲಿಂದಲೇ ಕೂಗಿದ: “ಯಾವ ದಿಕ್ಕಿನ ಗಾಳಿ ಅಂತ ನೋಡ್ಕೊಂಡ್ಯಾ?”

“ನೈಋತ್ಯ.”

“ಹೋಗೋವಾಗ ಎಡಗಡೆಯಿಂದ ಹೊಡೆಯುತ್ತೆ. ಬಲಗಡೆ ಕಾಲುವೆ. ತಲೆ ನೆಟ್ಟಗಿದ್ಯಾ ನಿಂಗೆ?” ಏಳಲು ಹೋಗಿ, ಅಯ್ಯೋ ಎಂದು ಹಾಗೇ ಬಿದ್ದ. “ಬೇರೆ ಯಾರ ಮದುವೆ ಆಗಿದ್ರೂ ಬಾಗಿಲಿಗೆ ಅಡ್ಡ ಮಲಗ್ತಿದ್ದೆ. ಹಾರ್ಮೆನ್ ಆಗ್ಬಿಟ್ಟ. ಹೋಗು. ಆದ್ರೆ ಒಂದು ಮಾತು ಕೇಳು, ಆ ಕೊಪ್ಪೆ ಹಾಕ್ಬೇಡ.”

“ಕೊಪ್ಪೆ ಇಲ್ದೆ ನೆನ್ಕೊಂಡು ಹೋಗ್ಲಾ? ಸಾಯೋ ಮನುಷ್ಯನ ಮುಂದೆ ಚಿಂದಿ ಥರ ನಿಂತ್ಕೊಳ್ಲಾ?”

“ಅದನ್ನ ನಾನು ಮಳೆಗೆ ಹೊಲಿದಿದ್ದು ಕಣೇ, ಗಾಳಿಗಲ್ಲ. ಗಾಳಿಗೆ ಸಿಕ್ರೆ ಅದು ಹಾಯಿ. ಹಾಯಿ ಹೊಲಿಯೋನು ಹೇಳ್ತಿದ್ದೀನಿ.”

ರೆನ್ಸ್ಕೆ ನಿಲುವಂಗಿಯನ್ನು ಸುರುಳಿ ಸುತ್ತಿ, ಸಹಿ ಹಾಕಿಸಬೇಕಾದ ಕಾಗದಗಳನ್ನು ರೊಟ್ಟಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ, ಎರಡನ್ನೂ ಕ್ಯಾರಿಯರಿನ ರಬ್ಬರು ಚೀಲದೊಳಗೆ ಸೇರಿಸಿ ಬಾಯಿ ಮಡಿಚಿ ಕಟ್ಟಿದಳು. ಒಳ್ಳೆಯ ನೀಲಿ ಲಂಗ ಉಟ್ಟಳು, ಉಣ್ಣೆಯ ಕೋಟು ತೊಟ್ಟಳು, ಬೂಟಿಗೆ ಗವಸು ಬಿಗಿದಳು. ನಡುಮನೆಯಿಂದ ವೀಬೆಗೆ ಕಾಣದ ಹಾಗೆ ಹಿತ್ತಲ ಬಾಗಿಲಲ್ಲಿ ನಿಂತು ಕೊಪ್ಪೆಯನ್ನೂ ಹಾಕಿಕೊಂಡಳು.

ಊರೊಳಗೆ ಇರುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಮನೆಗಳ ಗೋಡೆ ಗಾಳಿಯನ್ನು ತಡೆಯುತ್ತಿತ್ತು. ಮಳೆ ಅಡ್ಡಡ್ಡ ಬೀಳುತ್ತಿದ್ದರೂ ಕೊಪ್ಪೆಯ ಮೇಲೆ ಪಟಪಟನೆ ಬಡಿದು ಜಾರಿಹೋಗುತ್ತಿತ್ತು. ಒಳಗೆ ರೆನ್ಸ್ಕೆಯ ಕೈ ಬೆಚ್ಚಗಿತ್ತು, ಲಂಗ ಒದ್ದೆಯಾಗಿರಲಿಲ್ಲ. ಎಲ್ಲದಕ್ಕೂ ಹೆದರುತ್ತಾನೆ ಇವನು, ನೆಲದ ಮೇಲೆ ಮಲಗಿ ಮಲಗಿ ಧೈರ್ಯವೂ ಹಾಸಿಗೆ ಹಿಡಿದಿದೆ ಎಂದುಕೊಂಡಳು.

ಕೊನೆಯ ಮನೆ ದಾಟಿ ಕಾಲುವೆಯ ಏರಿ ಹತ್ತಿದಳು. ಅಲ್ಲಿ ಮರೆ ಎಂಬುದೇ ಇಲ್ಲ. ಎಡಕ್ಕೆ ಬಯಲು, ಬಲಕ್ಕೆ ಕಾಲುವೆ, ನಡುವೆ ಒಂದಾಳಗಲದ ಸೈಕಲ್ ದಾರಿ. ಮೊದಲ ಹೊಡೆತಕ್ಕೇ ಸೈಕಲ್ಲು ದಾರಿಯ ಬಲ ಅಂಚಿಗೆ ಸರಿಯಿತು. ಎಡಕ್ಕೆ ವಾಲಿಕೊಂಡು, ಗಾಳಿಗೆ ಮೈಯೊತ್ತಿ ತುಳಿಯತೊಡಗಿದಳು. ವಾಲಿದಷ್ಟೂ ಕೊಪ್ಪೆಯ ಎಡ ಅಂಚು ಏಳುತ್ತಿತ್ತು. ಗಾಳಿ ಅಡಿಯಿಂದ ನುಗ್ಗಿ ಅದನ್ನು ಊದಿಸುತ್ತಿತ್ತು. ಇಳಿದುಬಿಡಲೇ ಎಂದು ಒಂದು ಸಲ ಅನಿಸಿತು. ಇಳಿದರೆ ತಡವಾಗುತ್ತದೆ, ಹಾರ್ಮೆನ್ ಕಾಯುತ್ತಿದ್ದಾನೆ. ಇನ್ನೊಂದಿಷ್ಟು ದೂರ, ಪಾಪ್ಲರ್ ಸಾಲು ಬಂದರೆ ಮರೆ ಸಿಗುತ್ತದೆ ಎಂದುಕೊಂಡು ಹಲ್ಲು ಕಚ್ಚಿದಳು.

ಆಗ ಗಾಳಿ ಇದ್ದಕ್ಕಿದ್ದಂತೆ ಬಿಟ್ಟಿತು. ವಾಲಿದ್ದವಳು ಎಡಕ್ಕೆ ಬೀಳುವ ಹಾಗಾಗಿ ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡಳು. ಮರುಕ್ಷಣವೇ ದುಪ್ಪಟ್ಟು ಜೋರಾಗಿ ಬಂದು ಹೊಡೆಯಿತು. ಕೊಪ್ಪೆ ಢಬ್ ಎಂದು ತುಂಬಿಕೊಂಡಿತು. ಹಾಯಿ ತುಂಬಿದಾಗ ದೋಣಿ ಹೇಗೆ ಹಾರುತ್ತದೋ ಹಾಗೆ ಸೈಕಲ್ಲು ದಾರಿ ಬಿಟ್ಟು, ಹುಲ್ಲಿನ ಇಳುಕಲು ಹಿಡಿದು, ನೆಟ್ಟಗೆ ನೀರಿನತ್ತ ಧಾವಿಸಿತು. ಬ್ರೇಕು ಹಿಡಿದಳು. ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರಿತು. ಕೈ ಬಿಡಬೇಕೆಂದರೆ ಹೆಬ್ಬೆರಳುಗಳು ಕುಣಿಕೆಯೊಳಗೆ ಸಿಕ್ಕಿಕೊಂಡಿವೆ! ಜೊಂಡಿನ ಕಡ್ಡಿಗಳು ಮುಖಕ್ಕೆ ಹೊಡೆದದ್ದು ಗೊತ್ತಾಯಿತು, ಆಮೇಲೆ ಮೊಣಕಾಲಿನವರೆಗೆ ಐಸಿನಂಥ ನೀರು.

ಸೈಕಲ್ಲಿನ ಮುಂದಿನ ಚಕ್ರ ಕೆಸರಿನಲ್ಲಿ ಹೂತಿತ್ತು. ಕೊಪ್ಪೆ ಅವಳ ಮುಖವನ್ನು ಸುತ್ತಿಕೊಂಡು, ಇನ್ನೂ ತುಂಬಿಕೊಂಡೇ, ಅವಳನ್ನು ಆಳದ ಕಡೆಗೆ ಎಳೆಯುತ್ತಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನೀರು ತೊಡೆಗೆ ಏರಿತು. ಅರಚಿದಳು, ಆ ಗಾಳಿಯಲ್ಲಿ ತನ್ನ ದನಿ ತನಗೇ ಕೇಳಲಿಲ್ಲ. ಬಲಗೈಯ ಕುಣಿಕೆಯನ್ನು ಬಾಯಿಗೆ ತಂದು ಹಲ್ಲಿನಿಂದ ಎಳೆದಳು. ವೀಬೆಯ ಹೊಲಿಗೆ, ಜಪ್ಪಯ್ಯ ಅನ್ನಲಿಲ್ಲ. ಬೆರಳನ್ನೇ ತಿರುಚಿ, ಚರ್ಮ ಸುಲಿದುಕೊಂಡು ಹೊರಗೆ ತೆಗೆದಳು. ಎಡಗೈ, ಆಮೇಲೆ ಕತ್ತಿನ ಗುಂಡಿ. ಗುಂಡಿ ಬಿಚ್ಚಿದ್ದೇ ತಡ, ಕೊಪ್ಪೆ ಅವಳ ತಲೆಯಿಂದ ಟೋಪಿಯನ್ನೂ ಕಿತ್ತುಕೊಂಡು ಎದ್ದು, ಕಾಲುವೆ ದಾಟಿ, ಆಚೆಯ ಹೊಲದ ಮೇಲೆ ದೊಡ್ಡ ಬೂದುಹಕ್ಕಿಯಂತೆ ಹಾರಿಹೋಯಿತು.

ರೆನ್ಸ್ಕೆ ಜೊಂಡನ್ನು ತಬ್ಬಿಕೊಂಡು ನಿಂತಳು. ಮಳೆ ನೇರ ನೆತ್ತಿಗೆ ಬೀಳುತ್ತಿತ್ತು, ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಮೊದಲು ನೋಡಿದ್ದು ಕ್ಯಾರಿಯರನ್ನು. ಚೀಲ ನೀರಿನಿಂದ ಮೇಲೆಯೇ ಇತ್ತು, ಬಾಯಿ ಬಿಚ್ಚಿರಲಿಲ್ಲ. ಸೈಕಲ್ಲನ್ನು ಕೆಸರಿನಿಂದ ಎಳೆದು, ಹುಲ್ಲು ಹಿಡಿದು ಹಿಡಿದು ಏರಿಯ ಮೇಲೆ ಬಂದಳು. ಹಿಂದಕ್ಕೆ ಹೋಗುವುದೋ ಮುಂದಕ್ಕೋ ಎಂದು ಯೋಚಿಸಲು ಕೂಡ ಚಳಿ ಬಿಡಲಿಲ್ಲ. ಮುಖ ಹಾರ್ಮೆನ್ ಮನೆಯ ಕಡೆಗಿತ್ತು, ಹಾಗೇ ತುಳಿದಳು.

ಪಾಪ್ಲರ್ ಸಾಲಿನಲ್ಲಿ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಒಬ್ಬ ದಪ್ಪ ಮನುಷ್ಯ ಟ್ರ್ಯಾಕ್ಟರು ನಿಲ್ಲಿಸಿಕೊಂಡು ಮೋಟಾರು ಗರಗಸದಿಂದ ಕೊಂಬೆ ಕೊಯ್ಯುತ್ತಿದ್ದ. ಊಸ್ಟರ್‌ಫೆನ್‌ನ ದೌವೆ. ಅವನ ಇಬ್ಬರು ಮಕ್ಕಳ ಮದುವೆಯನ್ನೂ ರೆನ್ಸ್ಕೆಯೇ ಮಾಡಿಸಿದ್ದಳು. ಗರಗಸ ಆರಿಸಿ ಅವಳನ್ನೇ ನೋಡಿದ.

“ಒಣ ರೆನ್ಸ್ಕೆ ಅಲ್ವೇನ್ರೀ ಇದು? ಮೀನು ಹಿಡಿಯೋಕೆ ಹೋಗಿದ್ರಾ?”

“ನಗಾಡು ಆಮೇಲೆ. ಸೈಕಲ್ ಆಚೆಗೆ ಎತ್ತಿಕೊಡು.”

“ವಾಪಸ್ ಹೋಗಿ ತಾಯೀ, ಇನ್ನೂ ಮರ ಬೀಳ್ತಾವೆ.”

“ಎತ್ತಿಕೊಡ್ತೀಯೋ ಇಲ್ವೋ?”

ದೌವೆ ಗೊಣಗುತ್ತಲೇ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಮರದಾಚೆ ಇಟ್ಟ. ಯಾರ ಮನೆಗೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಬಾಗಿಲು ತೆಗೆದ ಹಾರ್ಮೆನ್‌ನ ಮಗಳು ಮಾರಿತ್ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. “ರೆನ್ಸ್ಕೆ? ಅಯ್ಯೋ ದೇವ್ರೇ, ನೀವಾ?” ಎಂದು ಒಳಗೆ ಎಳೆದುಕೊಂಡಳು. ರೆನ್ಸ್ಕೆಗೆ ಮೊದಲು ಕಂಡದ್ದು ತನ್ನ ಕಾಲಡಿ ಹರಡುತ್ತಿದ್ದ ನೀರು. ಚಳಿಯಲ್ಲೂ ಮುಖ ಬಿಸಿಯಾಯಿತು. ಆದರೆ ಆ ಮನೆಯಲ್ಲಿ ಯಾರಿಗೂ ನೆಲ ನೋಡುವ ಪುರುಸೊತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಸುತ್ತ ಮಾರಿತ್‌ಳ ಗಂಡ, ಪಕ್ಕದ ಮನೆಯ ಗಂಡಹೆಂಡತಿ, ರೋಗಿಯನ್ನು ನೋಡಿಕೊಳ್ಳುವ ನರ್ಸ್ ಇನೆಕೆ ಸುಮ್ಮನೆ ಕೂತಿದ್ದರು. ಮೇಜಿನ ಮೇಲೆ ಗುಲಾಬಿ ಲೇಪದ ಕೇಕು ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ.

“ಸಾಕ್ಷಿಗಳು?” ಎಂದಳು ರೆನ್ಸ್ಕೆ, ಹಲ್ಲು ಕಟಕಟಿಸುತ್ತ. ಕಾಯಿಲೆಯವರ ಮನೆಯಲ್ಲಿ ಮದುವೆಯಾದರೆ ಆರು ಸಾಕ್ಷಿ ಬೇಕು, ಅದು ಕಾಯಿದೆ.

“ನಾವು ಐದು ಜನ,” ಎಂದಳು ಮಾರಿತ್. “ಸೋದರಮಾವ ಬರ್ಬೇಕಿತ್ತು. ಹೊಳೆ ಆಚೇನೇ ಸಿಕ್ಕಿಹಾಕ್ಕೊಂಡಿದ್ದಾರೆ. ಸೇತುವೆ ಮುಚ್ಚಿದಾರಂತೆ.”

“ಇನ್ಯಾರಾದ್ರೂ?”

“ಈ ಗಾಳೀಲಿ ಯಾರನ್ನ ತರ್ಲಿ? ಐದು ಜನಕ್ಕೆ ಏನು ಆಕಾಶ ಬೀಳುತ್ತಾ? ಆರು ಅಂತ ಬರ್ಕೊಳ್ಳಿ, ಮಾವ ನಾಳೆ ಬಂದು ಸಹಿ ಹಾಕ್ತಾರೆ.” ಮಾರಿತ್‌ಳ ದನಿ ಏರಿತು. “ಅಪ್ಪ ಮಧ್ಯಾಹ್ನದ ಔಷಧೀನೂ ಬೇಡ ಅಂದಿದ್ದಾರೆ ಗೊತ್ತಾ ನಿಮ್ಗೆ?”

ಇನೆಕೆ ಮೆಲ್ಲಗೆ ಬಿಡಿಸಿ ಹೇಳಿದಳು. “ನೋವಿನ ಔಷಧಿ ಕೊಟ್ರೆ ಮಂಪರು ಬರುತ್ತೆ. ಮಂಪರಲ್ಲಿ ಹೌದು ಅಂದ್ರೆ ನಡೆಯಲ್ಲ ಅಂತ ಅವರಿಗೆ ಗೊತ್ತು. ಅದಕ್ಕೇ ತಡ್ಕೊಂಡು ಮಲಗಿದ್ದಾರೆ. ಎಷ್ಟು ಹೊತ್ತು ತಡ್ಕೋತಾರೋ ನಾನು ಹೇಳಲಾರೆ.”

ಒಳಕೋಣೆಯಿಂದ ನರಳಿಕೆಯೊಂದು ಕೇಳಿಸಿತು. ಯಾರೋ ಹಲ್ಲಿನ ನಡುವೆ ಅದುಮಿಟ್ಟ ನರಳಿಕೆ. ರೆನ್ಸ್ಕೆ ಕಣ್ಣು ಮುಚ್ಚಿದಳು. ಆರು ಎಂದು ಬರೆದುಬಿಡುವುದು ಎಷ್ಟು ಸುಲಭ! ಯಾರು ಕೇಳುತ್ತಾರೆ? ಈ ಐವರೂ ಬಾಯಿ ಬಿಡುವವರಲ್ಲ.

“ಬರೀಬಹುದು ಮಾರಿತ್. ಆದ್ರೆ ಅದು ಮದುವೆ ಆಗಲ್ಲ, ನಾಟಕ ಆಗುತ್ತೆ. ನಿಮ್ಮಪ್ಪ ಇಷ್ಟು ನೋವು ತಿನ್ತಿರೋದು ನಾಟಕಕ್ಕಲ್ಲ,” ಎಂದವಳೇ ಚೀಲವನ್ನು ಮೇಜಿನ ಮೇಲಿಟ್ಟು ಬಾಗಿಲಿಗೆ ತಿರುಗಿದಳು. “ಮರದ ಹತ್ರ ದೌವೆ ಇದ್ದಾನೆ. ಕರ್ಕೊಂಡು ಬರ್ತೀನಿ.”

“ದೌವೆನಾ?” ಪಕ್ಕದ ಮನೆಯವನು ಎದ್ದು ನಿಂತ. “ಅವನೂ ಹಾರ್ಮೆನ್ನೂ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತಲ್ರೀ. ದೋಣಿ ಪಂದ್ಯದಲ್ಲಿ ದೌವೆ ಅಡ್ಡ ಬಂದ ಅಂತ ಬಂದರಲ್ಲೇ ಕೈಕೈ ಮಿಲಾಯಿಸಿದ್ರು. ಇರಿ, ನಾನು ಹೋಗ್ತೀನಿ.”

“ನೀವು ಹೋಗಿ ಮರದಡಿ ಸಿಕ್ಕಿದ್ರೆ ಸಾಕ್ಷಿ ನಾಲ್ಕಾಗುತ್ತೆ. ಕೂತ್ಕೊಳ್ಳಿ. ನಾನಂತೂ ನೆಂದಾಗಿದೆ, ಇನ್ನು ನೆನೆಯೋಕೆ ಏನಿದೆ?”

ಗಾಳಿ ಈಗ ಬಲಗಡೆಯಿಂದ ಹೊಡೆಯುತ್ತಿತ್ತು. ಕೊಪ್ಪೆಯಿಲ್ಲ, ಟೋಪಿಯಿಲ್ಲ. ಬೆವರುತ್ತೇನೆಂಬ ಲೆಕ್ಕವೂ ಇಲ್ಲ. ರೆನ್ಸ್ಕೆ ಎದ್ದು ನಿಂತು ತುಳಿದಳು. ಒದ್ದೆ ಲಂಗ ತೊಡೆಗೆ ಅಂಟಿಕೊಂಡು ಕಾಲು ಎತ್ತಲು ಬಿಡಲಿಲ್ಲ; ಒಂದು ಕೈಯಲ್ಲಿ ಅದನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಿಕ್ಕವಳಿದ್ದಾಗ ಶಾಲೆಯಿಂದ ಹೀಗೆ ಮಳೆಯಲ್ಲಿ ಬರುತ್ತಿದ್ದದ್ದು ಎಲ್ಲಿಂದಲೋ ನೆನಪಾಯಿತು. ಅದರ ಹಿಂದೆಯೇ, ದೌವೆ ಕೆಲಸ ಮುಗಿಸಿ ಹೊರಟುಬಿಟ್ಟಿದ್ದರೆ ಎಂಬ ಭಯವೂ ಬಂತು.

ಹೊರಟುಬಿಟ್ಟಿದ್ದ. ಮರ ಎರಡು ತುಂಡಾಗಿ ರಸ್ತೆಯ ಬದಿಯಲ್ಲಿ ಬಿದ್ದಿತ್ತು. ಟ್ರ್ಯಾಕ್ಟರಿನ ಕೆಂಪು ದೀಪ ಊರಿನ ಕಡೆಯ ತಿರುವಿನಲ್ಲಿ ಕಾಣಿಸುತ್ತಿತ್ತು. ರೆನ್ಸ್ಕೆ ಗಂಟೆ ಬಾರಿಸಿದಳು, ಕೂಗಿದಳು, ಆ ದೀಪದ ಹಿಂದೆ ಉಸಿರು ಕಟ್ಟುವಂತೆ ತುಳಿದಳು. ಇನ್ನೊಂದು ಮುರಿದ ಕೊಂಬೆಯ ಮುಂದೆ ಟ್ರ್ಯಾಕ್ಟರು ನಿಂತಾಗ ಹೋಗಿ ಅದರ ಬಾಗಿಲನ್ನು ಅಂಗೈಯಿಂದ ಬಡಿದಳು.

“ದೌವೆ, ಲೈಸೆನ್ಸು ಜೇಬಲ್ಲಿದ್ಯಾ?”

“ಇದೆ. ಯಾಕ್ರೀ, ಪೊಲೀಸ್ ಕೆಲಸಾನೂ ಶುರು ಹಚ್ಕೊಂಡ್ರಾ?”

“ಒಂದು ಮದುವೆಗೆ ಸಾಕ್ಷಿ ಬೇಕು, ಸಾಕ್ಷಿಯ ಗುರುತಿಗೆ ಲೈಸೆನ್ಸು ಬೇಕು. ಹಾರ್ಮೆನ್ ಮದುವೆಗೆ.”

ದೌವೆಯ ಮುಖ ಬಿಗಿಯಿತು. ಮಳೆ ಗಾಜಿನ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. “ಆ ಮನುಷ್ಯನ ಹೊಸ್ತಿಲು ತುಳಿಯಲ್ಲ ಅಂತ ಹೇಳಿದೋನು ನಾನು. ಬೇರೆ ಯಾರನ್ನಾದ್ರೂ ನೋಡಿ.”

“ಬೇರೆ ಯಾರಿದ್ದಾರೆ ಇಲ್ಲಿ, ನೀನೇ ಹೇಳು. ಅವನು ನೋವಿನ ಔಷಧಿ ತಗೊಳ್ದೆ ಬಿದ್ದಿದ್ದಾನೆ ಕಣೋ. ನೀನು ಅವನನ್ನ ಮಾತಾಡ್ಸೋದೇನೂ ಬೇಡ. ಗೋಡೆಗೆ ಒರಗಿ ನಿಂತು ಕಿವಿಯಲ್ಲಿ ಕೇಳು, ಸಹಿ ಹಾಕು. ಆಮೇಲೆ ಬೇಕಾದ್ರೆ ಇನ್ನೂ ಅಷ್ಟೇ ವರ್ಷ ಮಾತು ಬಿಡು.”

ಅವನು ಅವಳನ್ನೂ, ಅವಳ ನೀರಿಳಿಯುವ ಕೂದಲನ್ನೂ, ರಕ್ತ ಜಿನುಗುತ್ತಿದ್ದ ಹೆಬ್ಬೆರಳನ್ನೂ ನೋಡಿದ. ಕೆಳಗಿಳಿದು ಸೈಕಲ್ಲನ್ನು ಟ್ರ್ಯಾಕ್ಟರಿನ ಹಿಂಬದಿಗೆ ಕಟ್ಟಿದ.

ಮಾರಿತ್ ಅಪ್ಪನ ಹಳೆಯ ಉಣ್ಣೆ ಸ್ವೆಟರು, ತನ್ನ ಪೈಜಾಮ ತಂದುಕೊಟ್ಟಳು. ರೆನ್ಸ್ಕೆ ಬಚ್ಚಲಲ್ಲಿ ಅವನ್ನು ತೊಟ್ಟು, ರಬ್ಬರು ಚೀಲದ ಬಾಯಿ ಬಿಚ್ಚಿದಳು. ನಿಲುವಂಗಿ ಗರಿಗರಿಯಾಗಿಯೇ ಇತ್ತು. ಡಬ್ಬಿಯೊಳಗಿನ ಕಾಗದಗಳೂ ಒದ್ದೆಯಾಗಿರಲಿಲ್ಲ. ಬರಿಗಾಲಿನಲ್ಲಿ, ತಲೆಗೆ ಟವೆಲು ಸುತ್ತಿಕೊಂಡು ಅವಳು ಕೋಣೆಗೆ ಬಂದಳು.

ಹಾರ್ಮೆನ್ ದಿಂಬಿಗೆ ಒರಗಿ ಕೂತಿದ್ದ. ಬಿಳಿ ಅಂಗಿಯೊಳಗೆ ಮೂಳೆಗಳಷ್ಟೇ ಇದ್ದ ಹಾಗಿತ್ತು. ಪಕ್ಕದಲ್ಲಿ ಆಫ್ಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನೋಡು ಈ ಮನುಷ್ಯನ್ನ, ಇಷ್ಟು ಕಾಯ್ಸಿ ಎಂಥ ಮುಹೂರ್ತ ಹುಡುಕಿದಾನೆ,” ಎಂದಳು. ಅವಳ ಕಣ್ಣು ಕೆಂಪಗಿದ್ದವು.

ಹಾರ್ಮೆನ್‌ನ ನೋಟ ಬಾಗಿಲ ಬಳಿ ನಿಂತಿತು. “ಇವನನ್ನ ಯಾರು ಕರೆದ್ರು?”

“ಕಾಯಿದೆ,” ಎಂದಳು ರೆನ್ಸ್ಕೆ.

ದೌವೆ ಟೋಪಿ ಕೈಯಲ್ಲಿ ತಿರುವುತ್ತ ನೆಲ ನೋಡಿದ. ಹಾರ್ಮೆನ್ ನಗಲು ಹೋಗಿ ನೋವಿಗೆ ಮುಖ ಹಿಂಡಿಕೊಂಡ. “ಸಾಯೋವಾಗ್ಲೂ ಅಡ್ಡ ಬರ್ತಾನೆ,” ಎಂದ. ಆದರೆ ಹೊರಗೆ ಹಾಕಿ ಎನ್ನಲಿಲ್ಲ.

ರೆನ್ಸ್ಕೆ ಪೀಠಿಕೆಯ ಮಾತುಗಳನ್ನೆಲ್ಲ ಬಿಟ್ಟಳು. ಆಫ್ಕೆಯನ್ನು ಹೆಂಡತಿಯಾಗಿ ಒಪ್ಪುತ್ತೀಯಾ ಎಂಬ ಒಂದೇ ಪ್ರಶ್ನೆಗೆ ಬಂದಳು. ಹಾರ್ಮೆನ್ ಕಣ್ಣು ಮುಚ್ಚಿದ.

ಕಿಟಕಿಯ ಗಾಜು ಅದುರುತ್ತಿತ್ತು. ಇನೆಕೆ ಅವನ ಮಣಿಕಟ್ಟು ಹಿಡಿದು ರೆನ್ಸ್ಕೆಯ ಮುಖ ನೋಡಿದಳು. ಉತ್ತರ ಅವನದೇ ಬಾಯಿಂದ, ಅವನದೇ ಎಚ್ಚರದಲ್ಲಿ ಬರಬೇಕು. ಬರದಿದ್ದರೆ ಕಾಗದ ಮಡಿಚಿ ಎದ್ದುಹೋಗಬೇಕಾದವಳು ರೆನ್ಸ್ಕೆಯೇ. “ಹಾರ್ಮೆನ್!” ಎಂದು ಆಫ್ಕೆ ಪಿಸುಗುಟ್ಟಿದಳು. ರೆನ್ಸ್ಕೆ ಕೈಯೆತ್ತಿ ತಡೆದಳು. ಹೇಳಿಕೊಡುವ ಹಾಗಿಲ್ಲ. ಮಾರಿತ್ ಬಾಯಿಗೆ ಅಂಗೈ ಒತ್ತಿಕೊಂಡು ಗೋಡೆಗೆ ತಿರುಗಿದಳು. ಟವೆಲಿನಿಂದ ಒಂದು ಹನಿ ರೆನ್ಸ್ಕೆಯ ಕತ್ತಿನ ಮೇಲೆ ಇಳಿದದ್ದು ಅವಳಿಗೆ ಸಿಡಿಲಿನಷ್ಟು ಜೋರಾಗಿ ಗೊತ್ತಾಯಿತು.

ಹಾರ್ಮೆನ್ ಕಣ್ಣು ತೆರೆದ.

“ಗಡಿಬಿಡಿ ಮಾಡ್ಬೇಡ್ರೇ,” ಎಂದ. “ಉಸಿರು ಕೂಡಿಸ್ಕೋತಿದ್ದೆ. ಎಲ್ರಿಗೂ ಕೇಳ್ಬೇಕಲ್ಲ.” ಆಮೇಲೆ, ಬಂದರಿನಲ್ಲಿ ಆಳುಗಳಿಗೆ ಕೂಗುತ್ತಿದ್ದ ದನಿಯಲ್ಲಿ ಉಳಿದಷ್ಟನ್ನೂ ಒಟ್ಟುಗೂಡಿಸಿ, “ಹೌದು!” ಎಂದ.

ಆಫ್ಕೆಯ ಸರದಿ ಬಂದಾಗ ಅವಳೂ ತಡಮಾಡಿದಳು. “ಹಿಮಗಟ್ಟಿದ ಕೆರೆ ಮೇಲೆ ಮದುವೆ ಆಗ್ತೀಯಾ ಅಂತ ನಾನು ಕೇಳ್ದಾಗ ನೀನು ಏನು ಮಾಡಿದ್ದೆ, ನೆನಪಿದ್ಯಾ?”

“ನಕ್ಕಿದ್ದೆ.”

“ನಕ್ಕಿದ್ದೆ. ಅವತ್ತಿಂದ ಒಂದು ಸಲಾನೂ ಕೇಳ್ಲಿಲ್ಲ ನಾನು.”

“ಗೊತ್ತು ಕಣೇ,” ಎಂದ ಹಾರ್ಮೆನ್. “ಅದಕ್ಕೇ ಈಗ ನಾನು ಕೇಳ್ತಿರೋದು.”

“ಹೌದು,” ಎಂದಳು ಆಫ್ಕೆ, ಬೇರೆ ಕಡೆ ನೋಡುತ್ತ. “ಹೌದು ಅಂದೆ, ಬರ್ಕೊಳ್ಳಿ.”

ಸಹಿಗಳಾದವು. ದೌವೆ ಬಗ್ಗಿದಾಗ ಅವನ ತೋಳಿನಿಂದ ನೀರು ಇಳಿಯುವುದನ್ನು ಕಂಡು ರೆನ್ಸ್ಕೆ ಅವನ ಮುಂಗೈ ಹಿಡಿದೆತ್ತಿ, ಅಂಗಿಯ ತೋಳು ಮಡಿಚಿ, ಆಮೇಲೆ ಪೆನ್ನು ಕೊಟ್ಟಳು. ಅವನು ಬರೆಯುವುದನ್ನು ಹಾರ್ಮೆನ್ ನೋಡುತ್ತಿದ್ದ. ಕೊನೆಯ ಅಕ್ಷರ ಬಿದ್ದ ಮೇಲೆ, “ಅವತ್ತು ಪಂದ್ಯದಲ್ಲಿ ದಾರಿ ನಿಂದೇ ಆಗಿತ್ತು ಬಿಡು,” ಎಂದ. ದೌವೆ ಹಾಸಿಗೆಯ ಅಂಚನ್ನು ಎರಡು ಸಲ ತಟ್ಟಿ ಹೊರಗೆ ಹೋದ. ಇನೆಕೆ ಆಗಲೇ ಸೂಜಿ ತಯಾರು ಮಾಡಿಕೊಂಡಿದ್ದಳು.

ರೆನ್ಸ್ಕೆ ಹೊರಟಾಗ ಆಫ್ಕೆ ಬಾಗಿಲಿಗೆ ಬಂದಳು. “ಇನ್ನು ಮೇಲೆ ನನ್ನ ಹೆಸರು ವಿಸ್ಸರ್ ಅಂತಾಗುತ್ತಾ?”

“ನಿಮ್ಮಿಷ್ಟ. ಬೇಕಾದ್ರೆ ಹಾಕ್ಕೋಬಹುದು, ಬೇಡ ಅಂದ್ರೆ ಬೇಡ.”

ಆಫ್ಕೆ ಯೋಚಿಸಿದಳು. “ಬೇಡ. ಅದೊಂದು ನಂದೇ ಇರ್ಲಿ. ಅವನು ಕೇಳಿದ್ದು ಸಾಕು ನಂಗೆ.” ಅಷ್ಟು ಹೇಳಿ, ಅಡುಗೆಮನೆಗೆ ಹೋಗಿ, ಎಲ್ಲರಿಗೂ ಕೇಕು ಕೊಯ್ಯತೊಡಗಿದಳು.

ದೌವೆ ರೆನ್ಸ್ಕೆಯನ್ನು ಟ್ರ್ಯಾಕ್ಟರಿನಲ್ಲಿ ಮನೆಗೆ ಬಿಟ್ಟ. ವೀಬೆ ಇನ್ನೂ ನೆಲದ ಮೇಲೆಯೇ ಇದ್ದ. ಹಾರ್ಮೆನ್‌ನ ಸ್ವೆಟರಿನಲ್ಲಿ, ಯಾರದೋ ಪೈಜಾಮದಲ್ಲಿ ಬಂದ ಹೆಂಡತಿಯನ್ನು ತಲೆಕೆಳಗಾಗಿ ನೋಡಿದ. ಬಯ್ಯುತ್ತಾನೆಂದು ಅವಳು ಕಾದಳು.

“ಹೌದು ಅಂದ್ನಾ?” ಎಂದ ಅವನು.

“ಅಂದ. ಬಂದರಿಗೆಲ್ಲ ಕೇಳೋ ಹಾಗೆ ಅಂದ.”

ವೀಬೆ ಮುಖ ಆಚೆಗೆ ತಿರುಗಿಸಿದ. ರೆನ್ಸ್ಕೆ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

ಹಾರ್ಮೆನ್ ಆಮೇಲೆ ಎಚ್ಚರಾಗಿ ಹೆಚ್ಚು ಮಾತಾಡಲಿಲ್ಲ. ಗಾಳಿ ನಿಂತು, ಬಿಸಿಲು ಬಂದ ಒಂದು ಬೆಳಿಗ್ಗೆ ಹೋದ. ಹೆಗಲು ಕೊಟ್ಟವರಲ್ಲಿ ದೌವೆಯೂ ಇದ್ದ. ವೀಬೆ ಕೋಲೂರಿಕೊಂಡು, ಬಗ್ಗಿದ ಸೊಂಟದಲ್ಲಿ, ದಾರಿಯುದ್ದಕ್ಕೂ ರೆನ್ಸ್ಕೆಯ ತೋಳು ಹಿಡಿದು ನಡೆದ.